ಕರಗಿದ್ ಚೀಲ ಎಲ್ಲಿಗ್ ಹೋತ್?

ಡಿಸೆಂಬರಲ್ಲಿ ಊರಿಗೆ ಬತ್ತೆ ಅಂದದ್ದೇ ತಡ, ಪಟ್ಟಿ ಬಪ್ಪುಕೆ ಶುರುವಾಯ್ತು. ಚಾಕಲೇಟು, ಮೊಣಕಾಲು ನೋವಿನ ಮುಲಾಮು, ಅಡುಗೆಮನೆಯ ಕತ್ತರಿ, ಇವೆಲ್ಲ ಪ್ರತಿ ವರ್ಷದ್ದು. ಈ ಸರ್ತಿ ಹೊಸದೊಂದು ಸೇರಿದೆ, ಅದೂ ಒಂದಲ್ಲ, ಮೂರು ಮನೆಯಿಂದ. "ಅಕ್ಕಾ, ಅಲ್ಲಿ ಗಾಳಕ್ಕೆ ಸಿಕ್ಸು ಕರಗು ಚೀಲ ಸಿಕ್ತಂಬ್ರಲ್ದಾ, ನಮ್ಮ ಮಾಣಿಗೆ ಒಂದೆರಡ್ ಪ್ಯಾಕೆಟ್ ತಕಂಡ್ ಬನ್ನಿ. ಪ್ಲಾಸ್ಟಿಕ್ ಅಲ್ದಂಬ್ರ್, ನೀರಗೆ ಮಾಯ ಆತಂಬ್ರ್." ಮಾಣಿಯಂದಿರು ಮೊಬೈಲಲ್ಲಿ ನೋಡಿ ಅಮ್ಮಂದಿರ ಕೈಲಿ ಹೇಳಿಸಿದ್ದು ಅಂದೇಳಿ ಗೊತ್ತಾಯ್ತು. ತಾವೇ ಕೇಳೂಕೆ ನಾಚಿಕೆ.

ಮೂರೂ ಮನೆಗೆ ಒಂದೇ ಉತ್ತರ: ತರುದಿಲ್ಲೆ. ದುಡ್ಡಿನ ಪ್ರಶ್ನೆ ಅಲ್ಲ, ತೂಕದ ಪ್ರಶ್ನೆಯೂ ಅಲ್ಲ. ಅದರ ತೂಕ ಎಂತದೂ ಇಲ್ಲೆ, ನಾಲ್ಕು ಪ್ಯಾಕೆಟ್ ಇಟ್ಟರೂ ಒಂದು ಕರ್ಚೀಫಿನಷ್ಟಾಗದು. ಆದರೆ "ಮಾಯ ಆತ್" ಅನ್ನೋ ಆ ಮಾತಿದೆಯಲ್ಲ, ಅದರ ಮೇಲೆ ನಂಗೆ ಸಿಟ್ಟು. ಫೋನಲ್ಲಿ ಹೇಳಿದರೆ ಅರ್ಧ ಕೇಳಿ "ಆಯ್ತ್ ಬಿಡಿ, ಬ್ಯಾಡ" ಅಂದು ಇಟ್ಟುಬಿಡುತ್ತೀರಿ, ಅಕ್ಕ ಕಂಜೂಸು ಮಾಡಿತು ಅಂದುಕೊಳ್ಳುತ್ತೀರಿ. ಹಾಗಾಗಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆತ್, ಮಧ್ಯಾಹ್ನ ಮಲಗುವ ಮೊದಲು ಓದಿ.

ಕಾಣದವರಿಗೆ ಮೊದಲು ಅದು ಎಂತ ಅಂತ ಹೇಳುತ್ತೇನೆ. ಅಂಗೈ ಅಗಲದ, ನಮ್ಮ ಊದುಬತ್ತಿ ಪ್ಯಾಕೆಟಿನ ಒಳಗಿನ ಕವರಿನ ಹಾಗೆ ತೆಳ್ಳಗಿನ ಚೀಲ. ಮುಟ್ಟಿದರೆ ಪ್ಲಾಸ್ಟಿಕ್ಕಿನ ಹಾಗೇ, ಸ್ವಲ್ಪ ಮೆತ್ತಗೆ. ಒದ್ದೆ ಬೆರಳು ತಾಗಿದರೆ ಮಾತ್ರ ಅಲ್ಲಿಗೇ ಅಂಟಂಟಾಗಿ, ಮರುಕ್ಷಣ ತೂತು. ಇಂಗ್ಲೆಂಡಿನಲ್ಲಿ ಕೆರೆಯಲ್ಲಿ ಕಾರ್ಪ್ ಮೀನಿಗೆ ಗಾಳ ಹಾಕುವವರು ಇದನ್ನು ಬಹಳ ಬಳಸುತ್ತಾರೆ. ಮೀನಿಗೆ ಇಷ್ಟವಾದ ಕಾಳು, ಹಿಟ್ಟು ಚೀಲದಲ್ಲಿ ತುಂಬಿ, ಗಾಳವನ್ನೂ ಅದರೊಳಗೇ ಅಡಗಿಸಿ ಎಸೆದರೆ ತಳದಲ್ಲಿ ಚೀಲ ಕರಗಿ, ತಿಂಡಿಯ ಗುಪ್ಪೆಯ ನಡುವೆ ಗಾಳ ಕೂತಿರುತ್ತದೆ. ಕಡಲ ಗಾಳದವರೂ ಅದೇ ಉಪಾಯ ಮಾಡುತ್ತಾರೆ, ಕಾಳಿನ ಬದಲು ಬಂಗಡೆಯ ಕೊಚ್ಚು. ನಾವಿರುವ ಡಾರ್ಸೆಟ್ ಕಡೆ ಚೆಸಿಲ್ ಬೀಚ್ ಅಂತ ಒಂದು ಇದೆ, 29 ಕಿಲೋಮೀಟರ್ ಉದ್ದ, ಹೊಯ್ಗೆಯೇ ಇಲ್ಲ, ಪೂರಾ ಉರುಟು ಕಲ್ಲು. ನಡೆದರೆ ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ. ನಮ್ಮನಿಯವ್ರು ಶನಿವಾರ ಸಂಜೆ ಅಲ್ಲಿಗೆ ಹೊರಟರೆ ರಾತ್ರಿ ಊಟಕ್ಕೆ ಕಾಯುವುದು ಬೇಡ ಅಂತಲೇ ಅರ್ಥ. ಕಡಲಲ್ಲಿ ಗಾಳ ಹಾಕೂಕೆ ಇಲ್ಲಿ ಲೈಸೆನ್ಸ್ ಬೇಡ, ಹೊಳೆ ಕೆರೆಗಾದರೆ ಬೇಕು. ಹಾಗಾಗಿ ಎಲ್ಲರೂ ಕಡಲಿಗೇ.

ತುಂಬುವ ಕೆಲಸ ನಡೆಯುವುದು ನನ್ನ ಅಡುಗೆಮನೆಯಲ್ಲಿ. ಆದ್ದರಿಂದ ಇದರ ಬಗ್ಗೆ ಮಾತಾಡುವ ಹಕ್ಕು ನಂಗೆ ಇತ್ತ್. ಬಂಗಡೆ ಇಲ್ಲಿಯೂ ಸಿಗುತ್ತದೆ, ನಮ್ಮದಕ್ಕಿಂತ ಬೇರೆ ಜಾತಿ, ಬೆನ್ನ ಮೇಲೆ ಹುಲಿಪಟ್ಟೆಯ ಹಾಗೆ ಕಪ್ಪು ಗೆರೆ, ಎಣ್ಣೆಯೂ ಜಾಸ್ತಿ. ಅದನ್ನು ತಲೆ ಬಾಲ ಸಮೇತ ಸಣ್ಣಗೆ ಕೊಚ್ಚಿ, ಜರಡಿಯಲ್ಲಿ ಹಾಕಿ ನೀರು ಬಸಿಯಬೇಕು. ನೀರು ಉಳಿದರೆ ಚೀಲ ಕಡಲಿಗೆ ಹೋಗುವ ಮೊದಲು ಕೈಯಲ್ಲೇ ಕರಗಿ, ಕೊಚ್ಚೆಲ್ಲ ಬೂಟಿನ ಮೇಲೆ. ಅದಕ್ಕೆ ಉಪ್ಪು ಬೆರೆಸಿ ಒಂದು ರಾತ್ರಿ ಫ್ರಿಜ್ಜಲ್ಲಿ ಇಡುತ್ತಾರೆ. ಮಾವಿನ ಮಿಡಿಗೆ ಉಪ್ಪು ಹಾಕಿ ನೀರು ಬಿಡಿಸುವ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮೀನಿನ ನೀರೆಲ್ಲ ಹೊರಗೆ ಬತ್ತ್. ಬಸಿದ ಮೇಲೂ ಉಳಿದ ತೇವದಲ್ಲಿ ಉಪ್ಪು ಗಟ್ಟಿಯಾಗಿ ತುಂಬಿರುವುದರಿಂದ ಅದು ಚೀಲವನ್ನು ಕರಗಿಸುವುದಿಲ್ಲ. ಆ ನೀರು ಉಪ್ಪಿನ ಜೊತೆ ಸಂಸಾರ ಮಾಡುತ್ತಿರುತ್ತದೆ, ಚೀಲದ ಕಡೆ ತಿರುಗಿ ನೋಡುವ ಪುರುಸೊತ್ತು ಅದಕ್ಕಿಲ್ಲ. ಎಣ್ಣೆಯಂತೂ ಚೀಲಕ್ಕೆ ಎಂತದೂ ಮಾಡುವುದಿಲ್ಲ. ಹಾಗಾಗಿ ಎಣ್ಣೆ ಮೀನು, ಉಪ್ಪು ಹಾಕಿದ ಮೀನು ಇದಕ್ಕೆ ಆತ್. ಹಸಿ ಚಟ್ಲಿ, ಏಡಿ, ಕಡಲ ಹುಳು ಇವೆಲ್ಲ ನೀರಿನ ಮುದ್ದೆ, ಬಟ್ಟೆಯಲ್ಲೋ ಪೇಪರಲ್ಲೋ ಒತ್ತಿ ಒರೆಸದೆ ಹಾಕಿದರೆ ಚೀಲ ನಿಲ್ಲುವುದಿಲ್ಲ.

ಆಮೇಲೆ ತುಂಬುವುದು. ಕೈ ಒಣಗಿರಬೇಕು, ಮೇಜು ಒಣಗಿರಬೇಕು, ಪಕ್ಕದಲ್ಲಿ ನಾನು ಪಾತ್ರೆ ತೊಳೆಯಬಾರದು. ಹೌದು, ಹಾಗೊಂದು ಕಾನೂನು ನಮ್ಮ ಮನೆಯಲ್ಲಿ ಬಂದಿತ್ತು, ಒಂದೇ ವಾರ ನಡೆಯಿತು. ಬಾಯಿ ಮುಚ್ಚುವಾಗ ಅಂಚನ್ನು ನಾಲಿಗೆಯಲ್ಲಿ ಚೂರು ನೆಕ್ಕಿ ಒತ್ತಿದರೆ ಅಂಟಿಕೊಳ್ಳುತ್ತದೆ, ಹಳೇ ಕಾಲದ ಇನ್‌ಲ್ಯಾಂಡ್ ಲೆಟರಿನ ಹಾಗೆ. ಹಸಿ ಬಂಗಡೆ ಮುಟ್ಟಿದ ಕೈಯಲ್ಲಿ ಹಿಡಿದ ಚೀಲವನ್ನು ನೆಕ್ಕುವ ಗಂಡಸಿಗೆ, ಸಾರಿಗೆ ಉಪ್ಪು ಕಡಿಮೆ ಅಂತ ಹೇಳುವ ಬಾಯಿ ಎಲ್ಲಿಂದ ಬರುತ್ತದೋ. ಒಳಗಿನ ಗಾಳಿ ಹೋಗಲಿಕ್ಕೆ ಪಿನ್ನಿನಲ್ಲಿ ಎರಡು ತೂತು, ಮುಗಿಯಿತು.

ಇದರ ಉಪಯೋಗ ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಇಲ್ಲಿಯವರು ದಡದಲ್ಲಿ ನಿಂತು ಉದ್ದ ಕೋಲಿನಲ್ಲಿ 150 ಗ್ರಾಮಿನ ಸೀಸದ ಗುಂಡು ಕಟ್ಟಿ ಬೀಸಿ ಎಸೆಯುತ್ತಾರೆ. ಆ ರಭಸಕ್ಕೆ ಮೆತ್ತಗಿನ ಇರೆ ಗಾಳಿಯಲ್ಲೇ ಕಿತ್ತು ಹೋಗುತ್ತದೆ, ಬರೀ ಗಾಳ ನೀರಿಗೆ ಬೀಳುತ್ತದೆ. ಚೀಲದ ಒಳಗಿದ್ದರೆ ಇರೆಯೂ ಉಳಿಯುತ್ತದೆ, ಗಾಳ ದಾರಕ್ಕೆ ಸಿಕ್ಕಿಕೊಳ್ಳುವುದೂ ಕಡಿಮೆ. ತಳ ಮುಟ್ಟಿದ ಮೇಲೆ ಚೀಲ ನಿಧಾನ ಕರಗಿ ಕೊಚ್ಚು ಹರಡುತ್ತದೆ. ನೀರು ನಿಂತಿರುವ ಕಡೆ, ಬಂದರಿನ ಒಳಗೆ, ಅಳಿವೆ ಬಾಯಿಯಲ್ಲಿ ಇಳಿತ ಭರತದ ನಡುವೆ ನೀರು ಅರೆಗಳಿಗೆ ನಿಲ್ಲುವಾಗ, ಆ ಗುಪ್ಪೆಗೆ ಮೀನು ಬಂದೀತು. ನೆಲಕ್ಕೆ ಅಂಟಿಕೊಂಡು ವಾಸನೆ ಹಿಡಿದು ಬರುವ ನಂಗಿನಂಥ ಚಪ್ಪಟೆ ಮೀನುಗಳಿಗೆ ಇದು ಚಲೋದು ಅಂತ ಗೊತ್ತಿದ್ದವರೇ ಹೇಳುತ್ತಾರೆ. ಆದರೆ ನೀರು ಓಡುವ ಕಡೆ? ಇಂಗ್ಲಿಷ್ ಚಾನೆಲ್ಲಿನ ಸೆಳೆತದಲ್ಲಿ ಚೀಲ ಕರಗುವ ಹೊತ್ತಿಗೆ ಒಂದು ಮುಷ್ಟಿ ಕೊಚ್ಚು ಎಲ್ಲಿಗೆ ಹೋಯಿತೋ, ಗಾಳದ ಹತ್ತಿರ ಇರುವುದಂತೂ ಇಲ್ಲ. ಯಾರೋ ಮೀನಿಗೆ ಊಟ ಹಾಕಿದ ಪುಣ್ಯ ಬಂದೀತು, ಅಷ್ಟೇ. ನನ್ನ ಲೆಕ್ಕ ಫ್ರೀಜರಿನ ಲೆಕ್ಕ. ಚೀಲ ತಕಂಡ್ ಹೋದ ಶನಿವಾರಕ್ಕೂ ಚೀಲ ಇಲ್ಲದೆ ಹೋದ ಶನಿವಾರಕ್ಕೂ ಫ್ರೀಜರಿನಲ್ಲಿ ದೊಡ್ಡ ವ್ಯತ್ಯಾಸ ನಾನು ಕಾಣಲಿಲ್ಲೆ. ಗಾಳಿ, ಭರತ, ರಾತ್ರಿಯ ಕತ್ತಲು, ಇದರಿಂದ ಆದ ವ್ಯತ್ಯಾಸ ಕಂಡಿದೆ.

ಈಗ ಮುಖ್ಯ ವಿಷಯಕ್ಕೆ ಬತ್ತೆ. ಚೀಲ ಎಂತದರಲ್ಲಿ ಮಾಡಿದ್ದು? ಪಾಲಿವಿನೈಲ್ ಆಲ್ಕೊಹಾಲ್, ಚಿಕ್ಕದಾಗಿ ಪಿವಿಎ. ಹೆಸರಿನಲ್ಲಿ ಆಲ್ಕೊಹಾಲ್ ಇದೆ ಅಂತ ಹೆದರಬೇಡಿ, ಕುಡಿಯುವುದಕ್ಕೂ ಅದಕ್ಕೂ ಸಂಬಂಧ ಇಲ್ಲ. 1924ರಲ್ಲಿ ಜರ್ಮನಿಯ ಇಬ್ಬರು ರಸಾಯನ ವಿಜ್ಞಾನಿಗಳು, ಹೆರ್ಮನ್ ಮತ್ತು ಹೇನೆಲ್, ಮೊದಲು ತಯಾರಿಸಿದ್ದು. ಮರಗೆಲಸದವರು ಬಳಸುವ ಬಿಳಿ ಗೋಂದು ಇದೆಯಲ್ಲ, ಅದರೊಳಗಿನ ವಸ್ತುವನ್ನೇ ಇನ್ನೊಂದು ಹದಕ್ಕೆ ತಂದರೆ ಇದು ಬರುತ್ತದೆ. ನೀವು ಇದನ್ನು ಕಂಡೇ ಇಲ್ಲ ಅಂದುಕೊಂಡಿದ್ದರೆ ಅದು ಸುಳ್ಳು. ಮೆಷಿನ್ ಕಸೂತಿ ಮಾಡುವವರು ಬ್ಲೌಸಿನ ಬಟ್ಟೆ ಮೇಲೆ ಒಂದು ತೆಳು ಹಾಳೆ ಇಟ್ಟು ಹೊಲಿದು, ಆಮೇಲೆ ನೀರಲ್ಲಿ ತೊಳೆದು ಹಾಳೆ ತೆಗೆಯುತ್ತಾರೆ, ಅದು ಇದೇ. ಕಣ್ಣು ಒಣಗುತ್ತದೆ ಅಂತ ಡಾಕ್ಟರು ಕೊಡುವ ಕೆಲವು ಹನಿಮದ್ದಿನಲ್ಲಿ ಇರುವುದು ಇದೇ. ಇಲ್ಲಿಯ ಆಸ್ಪತ್ರೆಗಳಲ್ಲಿ ಸೋಂಕಿನ ಬಟ್ಟೆಯನ್ನು ಯಾರೂ ಮುಟ್ಟದೆ ಚೀಲ ಸಮೇತ ಮೆಷಿನ್ನಿಗೆ ಹಾಕುತ್ತಾರೆ, ಬಿಸಿನೀರಲ್ಲಿ ಕರಗುವ ಆ ಚೀಲವೂ ಇದೇ ಜಾತಿ. ಒಂದೊಂದು ಹದಕ್ಕೆ ಒಂದೊಂದು ಗುಣ, ಕೆಲವು ತಣ್ಣೀರಲ್ಲಿ ಕರಗುತ್ತವೆ, ಕೆಲವಕ್ಕೆ ಕುದಿಯುವ ಹತ್ತಿರದ ನೀರೇ ಬೇಕು. ಮತ್ತೆ, ಈಗ ನಮ್ಮೂರ ಅಂಗಡಿಗೂ ಬಂದಿದೆಯಲ್ಲ, ವಾಷಿಂಗ್ ಮೆಷಿನ್ನಿಗೆ ಹಾಕುವ ಬಣ್ಣಬಣ್ಣದ ಗುಳಿಗೆ, ಪಾಡ್ ಅಂತಾರಲ್ಲ, ಅದರ ಹೊರಗಿನ ಸಿಪ್ಪೆಯೂ ಇದೇ.

ಅಂದರೆ "ಪ್ಲಾಸ್ಟಿಕ್ ಅಲ್ದಂಬ್ರ್" ಅನ್ನುವುದು ಪೂರ್ತಿ ನಿಜ ಅಲ್ಲ. ಇದೂ ಕಾರ್ಖಾನೆಯಲ್ಲಿ ಮಾಡಿದ ಉದ್ದ ಸರಪಣಿಯಂಥ ವಸ್ತುವೇ, ಪಾಲಿಥಿನ್ನಿನ ದೂರದ ಸಂಬಂಧಿ. ವ್ಯತ್ಯಾಸ ಎಂತ ಅಂದರೆ ಇದಕ್ಕೆ ನೀರೆಂದರೆ ಪ್ರೀತಿ. ನೀರಲ್ಲಿ ಬಿದ್ದ ಕೂಡಲೇ ಸರಪಣಿಗಳು ಬಿಡಿಬಿಡಿಯಾಗಿ ನೀರಿನ ಒಳಗೆ ಸೇರಿಹೋಗುತ್ತವೆ. ಸರಪಣಿ ತುಂಡಾಗುವುದಿಲ್ಲ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ.

ಇದು ನಮಗೆ ಅರ್ಥ ಆಗದ ವಿಷಯವೇ ಅಲ್ಲ. ಗಂಜಿ ತೆಳಿ ಹಾಕಿ ಮುಂಡು, ಹತ್ತಿ ಸೀರೆ ಗರಿಗರಿ ಮಾಡಿದವರು ನಾವು. ಮುಂದಿನ ಸಲ ಆ ಸೀರೆ ನೀರಿಗೆ ಹಾಕಿದರೆ ತೆಳಿ ಕರಗಿ ನೀರು ಮಬ್ಬಾಗುತ್ತದೆ. ತೆಳಿ ಮಾಯ ಆಯ್ತು ಅಂತ ಯಾರಾದರೂ ಹೇಳ್ತ್ರಾ? ಅದು ನೀರಲ್ಲಿದೆ. ಆ ನೀರನ್ನು ತೆಂಗಿನ ಬುಡಕ್ಕೆ ಚೆಲ್ಲಿದರೆ ಇರುವೆ, ಹುಳ, ಕಣ್ಣಿಗೆ ಕಾಣದ ಸಾವಿರ ಜೀವ ಅದನ್ನು ತಿಂದು ಮುಗಿಸುತ್ತವೆ. ಅನ್ನದ ಗಂಜಿಯನ್ನು ತಿನ್ನಲು ಎಲ್ಲರಿಗೂ ಬರುತ್ತದೆ. ಮಿಲ್ಲುಗಳಲ್ಲಿ ನೂಲಿಗೆ ಗಂಜಿಯ ಬದಲು ಈ ಪಿವಿಎ ಹಾಕುತ್ತಾರೆ. ಅದನ್ನು ತಿನ್ನಲು ಎಲ್ಲರಿಗೂ ಬರುವುದಿಲ್ಲ. ತಿನ್ನುವ ಬ್ಯಾಕ್ಟೀರಿಯಾ ಇದ್ದಾವೆ, ಜಪಾನಿನವರು 1970ರ ದಶಕದಲ್ಲೇ ಅಂಥದ್ದನ್ನು ಮಣ್ಣಿನಿಂದ ಹುಡುಕಿ ತೆಗೆದಿದ್ದರು. ಆದರೆ ಅವು ಎಲ್ಲ ಕಡೆ ಇರುವುದಿಲ್ಲ. ಮಿಲ್ಲಿನ ನೀರು, ಊರಿನ ಕೊಳಕು ನೀರು ದಿನವೂ ಬಂದು ಬೀಳುವ ಶುದ್ಧೀಕರಣದ ತೊಟ್ಟಿಗಳಲ್ಲಿ ನಿಧಾನವಾಗಿ ಅಭ್ಯಾಸ ಆಗಿ ಬೆಳೆಯುತ್ತವೆ. ತೆರೆದ ಕಡಲಲ್ಲಿ ಅಂಥವು ಕಡಿಮೆ, ತಣ್ಣನೆ ನೀರಲ್ಲಿ ಕೆಲಸವೂ ನಿಧಾನ.

ಈ ಬಗ್ಗೆ ದೊಡ್ಡವರಲ್ಲೇ ಜಗಳ ನಡೆದಿದೆ. 2021ರಲ್ಲಿ ಅಮೆರಿಕದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಇಬ್ಬರು, ಬಟ್ಟೆ ಗುಳಿಗೆಯಿಂದ ಬರುವ ಪಿವಿಎಯಲ್ಲಿ ಹೆಚ್ಚಿನ ಪಾಲು ಕೊಳೆಯದೆ ಹಾಗೇ ಹೊರಗೆ ಹೋಗುತ್ತದೆ ಅಂತ ಲೆಕ್ಕ ಹಾಕಿ ಬರೆದರು. ಗುಳಿಗೆ ಮಾಡುವವರು ಒಪ್ಪಲಿಲ್ಲ, ತಮ್ಮ ಪರೀಕ್ಷೆಯಲ್ಲಿ 28 ದಿನದೊಳಗೆ ಶೇಕಡಾ 60ಕ್ಕಿಂತ ಹೆಚ್ಚು ಕೊಳೆಯುತ್ತದೆ ಅಂದರು. ಆ ಅಧ್ಯಯನಕ್ಕೆ ದುಡ್ಡು ಕೊಟ್ಟದ್ದು ಸಿಪ್ಪೆ ಇಲ್ಲದ ಸೋಪು ಮಾರುವ ಕಂಪನಿ ಅನ್ನುವುದೂ ನಿಜ. ಅಮೆರಿಕದ ಪರಿಸರ ಇಲಾಖೆಗೆ ಅರ್ಜಿ ಹೋಯಿತು, 2023ರಲ್ಲಿ ಇಲಾಖೆ ಅದನ್ನು ತಿರಸ್ಕರಿಸಿತು. ಇಬ್ಬರೂ ತಮ್ಮ ತಮ್ಮ ಅಂಗಡಿಯ ತಕ್ಕಡಿ ಹಿಡ್ಕಂಡ್ ಮಾತಾಡುವಾಗ ನಾವು ಯಾರನ್ನು ನಂಬುವುದು? ನಂಗೆ ಕಂಡದ್ದು ಇಷ್ಟು: ಇಬ್ಬರೂ ಮಾತಾಡುತ್ತಿರುವುದು ಶುದ್ಧೀಕರಣದ ತೊಟ್ಟಿ ಇರುವ ಊರಿನ ಬಗ್ಗೆ. ಗಾಳದ ಚೀಲ ಯಾವ ತೊಟ್ಟಿಗೂ ಹೋಗದೆ ಸೀದಾ ಕಡಲಿಗೆ ಬೀಳುತ್ತದೆ.

ಅನ್ಯಾಯದ ಮಾತಾಡಬಾರದು, ಇದು ವಿಷ ಅಲ್ಲ. ಕಣ್ಣಿಗೆ ಹಾಕುವ ಮದ್ದಿನಲ್ಲೂ ಇದನ್ನು ಬಳಸುತ್ತಾರೆ. ಕಡಲಾಮೆಯ ಗಂಟಲಿಗೆ ಸಿಕ್ಕಿಕೊಳ್ಳುವುದಿಲ್ಲ, ಹಕ್ಕಿಯ ಕಾಲಿಗೆ ಸುತ್ತಿಕೊಳ್ಳುವುದಿಲ್ಲ. ಪಾಲಿಥಿನ್ ಕವರಿನಲ್ಲೋ ಈರುಳ್ಳಿ ಚೀಲದ ನೈಲಾನ್ ಬಲೆಯಲ್ಲೋ ಕೊಚ್ಚು ತುಂಬಿ ಕಡಲಿಗೆ ಎಸೆಯುವುದಕ್ಕಿಂತ ಇದು ನೂರು ಪಾಲು ವಾಸಿ.

ನಮ್ಮನಿಯವ್ರ ಹತ್ತಿರ ಇದೇ ವಾದ ಆದಾಗ ಅವರು ಒಂದು ಮಾತು ಹೇಳಿದರು, ಅದನ್ನು ಮುಚ್ಚಿಡುವುದಿಲ್ಲ. "ನನ್ ಚೀಲ ಒಂದಕ್ಕೆ ಒಂದ್ ಗ್ರಾಮ್ ಇತ್ತೋ ಏನೋ. ವರ್ಷಕ್ಕೆ ಮೂವತ್ತ್ ಸರ್ತಿ ಹೋದ್ರೆ, ಸರ್ತಿಗೆ ನಾಲ್ಕ್ ಅಂದ್ರೂ ನೂರಿಪ್ಪತ್ತ್. ನೀನ್ ದಿನಾ ಮೆಷಿನ್ನಿಗೆ ಹಾಕು ಗುಳಿಗಿ ವರ್ಷಕ್ಕೆ ಎಷ್ಟ್?" ಗುಳಿಗೆಯ ಸಿಪ್ಪೆ ಅವರ ಚೀಲಕ್ಕಿಂತ ಚಿಕ್ಕದು ಅಂತ ನಾನು ಹೇಳಿದೆ. ಆದರೂ ದಿನಕ್ಕೊಂದರಂತೆ 365, ಲೆಕ್ಕ ಲೆಕ್ಕವೇ. ಆವತ್ತಿನಿಂದ ನಾನು ಪುಡಿಗೆ ಬಂದಿದ್ದೇನೆ. ರಟ್ಟಿನ ಡಬ್ಬಿಯಲ್ಲಿ ಬರುವ ಪುಡಿ, ಒಂದು ಚಮಚ. ಬಟ್ಟೆ ಮೊದಲಿನಷ್ಟೇ ಶುಭ್ರ, ಖರ್ಚು ಕಡಿಮೆ. ಅವರೂ ಚೀಲವನ್ನು ನೀರು ನಿಂತ ಕಡೆಗೆ ಮಾತ್ರ ಇಟ್ಟುಕೊಂಡಿದ್ದಾರೆ, ಉಳಿದ ದಿನ ಇರೆಯನ್ನು ನೂಲಲ್ಲಿ ಸುತ್ತುತ್ತಾರೆ. ಗೆದ್ದದ್ದು ಯಾರು ಅಂತ ಕೇಳಬೇಡಿ.

ಈಗ ನಿಮ್ಮ ಮನೆಗೆ ಬನ್ನಿ. ಗಾಳದ ಚೀಲಕ್ಕಿಂತ ಈ ಗುಳಿಗೆಯ ಬಗ್ಗೆಯೇ ನಂಗೆ ಹೆಚ್ಚು ಹೇಳಲಿಕ್ಕಿರುವುದು. ನಮ್ಮ ಕಡೆ ಮನೆಗಳ ಬಟ್ಟೆ ತೊಳೆದ ನೀರು ಎಲ್ಲಿಗೆ ಹೋತ್? ತೆಂಗಿನ ಬುಡಕ್ಕೆ, ಇಲ್ಲದಿದ್ದರೆ ತೋಡಿಗೆ. ತೋಡಿಂದ ಹೊಳೆಗೆ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ, ಐದೂ ಸೇರಿ ಪಂಚಗಂಗಾವಳಿ ಆಗಿ ಗಂಗೊಳ್ಳಿ ಅಳಿವೆಯಲ್ಲಿ ಕಡಲಿಗೆ. ನಡುವೆ ಆ ಅಭ್ಯಾಸ ಆದ ಬ್ಯಾಕ್ಟೀರಿಯಾದ ತೊಟ್ಟಿ ಎಲ್ಲಿ ಸಿಕ್ಕಬೇಕು? ಅದೇ ಅಳಿವೆಯ ಮಳಿ, ಕಾಣೆ, ಏಡಿ ನಾವು ಚೌಕಾಸಿ ಮಾಡಿ ತಕಂಡ್ ಬಪ್ಪುದು. ಅದರಿಂದ ಕಾಯಿಲೆ ಬತ್ತ್ ಅಂತ ನಾನು ಹೇಳುವುದಿಲ್ಲ. ಬೇಡದ್ದನ್ನು ಎಂತಕೆ ಸೇರಿಸುವುದು ಅಂತ ಕೇಳುತ್ತಿದ್ದೇನೆ. ಕೈಯಲ್ಲಿ ಪುಡಿ ಹಾಕಿದರೆ ಆಗುವ ಕೆಲಸಕ್ಕೆ ಸಿಪ್ಪೆ ಸುತ್ತಿ ಮಾರಿದ್ದು ಯಾರ ಅನುಕೂಲಕ್ಕೆ?

ಮತ್ತೊಂದು, ಸಣ್ಣ ಮಕ್ಕಳಿರುವ ಮನೆಯವರು ಇದನ್ನು ಎರಡು ಸಲ ಓದಿ. ಆ ಗುಳಿಗೆ ಕಾಣಲು ಮಿಠಾಯಿಯ ಹಾಗಿದೆ. ಮಗು ಬಾಯಿಗೆ ಹಾಕಿದರೆ ಜೊಲ್ಲಿಗೇ ಸಿಪ್ಪೆ ಕರಗುತ್ತದೆ, ಕಚ್ಚಿದರಂತೂ ಒಡೆದು ಗಟ್ಟಿ ಸೋಪಿನ ನೀರು ಒಮ್ಮೆಲೇ ಗಂಟಲಿಗೆ, ಕಣ್ಣಿಗೆ ಚಿಮ್ಮುತ್ತದೆ. ಎಷ್ಟೋ ಮಕ್ಕಳು ಆಸ್ಪತ್ರೆ ಸೇರಿದ ಮೇಲೆ ಯುರೋಪಿನಲ್ಲಿ 2015ರ ಜೂನಿನಿಂದ ಕಾನೂನು ಬಂತು. ಡಬ್ಬಿ ಒಳಗೆ ಕಾಣದ ಹಾಗಿರಬೇಕು, ಮಕ್ಕಳಿಗೆ ತೆಗೆಯಲು ಬರಬಾರದು, ಸಿಪ್ಪೆಗೆ ಕಹಿ ಸೇರಿಸಬೇಕು, 20 ಡಿಗ್ರಿ ನೀರಲ್ಲಿ ಕಡಿಮೆಯೆಂದರೆ 30 ಸೆಕೆಂಡಾದರೂ ಸಿಪ್ಪೆ ತಡೆಯಬೇಕು. ಮೂವತ್ತು ಸೆಕೆಂಡ್ ಅಂದರೆ ಎಷ್ಟು? ಒಲೆ ಮೇಲಿನ ಹಾಲು ಇಳಿಸಿ ತಿರುಗಿ ನೋಡುವಷ್ಟು. ಅಂಗಡಿಯವ ಬಿಡಿ ಗುಳಿಗೆ ಪ್ಲಾಸ್ಟಿಕ್ ಕವರಲ್ಲಿ ಹಾಕಿ ಕೊಟ್ಟರೆ ತಕಣ್ಬೇಡಿ. ಮನೆಯಲ್ಲಿ ಈಗಾಗಲೇ ಇದ್ದರೆ ಮೇಲಿನ ನಾಗಂದಿಗೆ ಮೇಲೆ ಇಡಿ, ಮೆಷಿನ್ನಿನ ತಲೆ ಮೇಲೆ ಬ್ಯಾಡ. ಮಗು ಕಚ್ಚಿದ್ದು ಕಂಡರೆ ಬಾಯಿ, ಮುಖ, ಕಣ್ಣು ಬರೀ ನೀರಲ್ಲಿ ತೊಳೆದು, ವಾಂತಿ ಮಾಡಿಸದೆ ಡಾಕ್ಟರ ಹತ್ತಿರ ಓಡಿ, ಡಬ್ಬಿಯನ್ನೂ ಹಿಡ್ಕಂಡ್ ಹೋಗಿ.

ಗಾಳಕ್ಕೆ ವಾಪಸ್ಸು ಬತ್ತೆ, ಮಾಣಿಯಂದಿರು ಕಾಯುತ್ತಿದ್ದಾರೆ. ಇಷ್ಟೆಲ್ಲ ಆದ ಮೇಲೂ ನಾನು ಚೀಲ ತಂದೆ ಅಂತಲೇ ಇಟ್ಟುಕೊಳ್ಳಿ. ಅದು ನಮ್ಮೂರಲ್ಲಿ ಎಷ್ಟು ದಿನ ಉಳಿದೀತು? ಗಾಳಿಯ ತೇವವನ್ನೇ ಹೀರಿ ಮೆತ್ತಗಾಗುವ ವಸ್ತು ಅದು. ಇಲ್ಲಿಯೇ ಪ್ಯಾಕೆಟ್ ಬಾಯಿ ಬಿಗಿ ಕಟ್ಟಿ, ಬಿಸ್ಕಿಟ್ ಡಬ್ಬಿಯಲ್ಲಿ ಇಡಬೇಕು. ನಮ್ಮ ಆಸಾಡಿ ತಿಂಗಳಲ್ಲಿ ಹಪ್ಪಳ ಸಂಡಿಗೆ ಮೆತ್ತಗಾಗುತ್ತದೆ, ಚಪ್ಪಲಿಗೆ ಬೂಸ್ಟು ಬರುತ್ತದೆ, ಇದು ಒಂದಕ್ಕೊಂದು ಅಂಟಿ ಒಂದು ಮುದ್ದೆ ಆದೀತು. ಬೇಸಿಗೆಯ ಬೆವರು ಕೈಯೂ ಸಾಕು. ಆಮೇಲೆ ಕಡಲಿನ ನೀರು. ಇಲ್ಲಿ ಚಳಿಗಾಲದ ಕೊನೆಗೆ ಕಡಲು 8-9 ಡಿಗ್ರಿ, ಬೆರಳು ಅದ್ದಿದರೆ ಜುಮ್ಮೆನ್ನುತ್ತದೆ, ಅದರಲ್ಲಿ ಚೀಲ ನಿಧಾನ ಕರಗುತ್ತದೆ. ಉಪ್ಪು ನೀರಾದ್ದರಿಂದ ಸಿಹಿನೀರಿಗಿಂತ ಇನ್ನೂ ನಿಧಾನ. ಮರವಂತೆಯ ಕಡಲು ಉಗುರುಬೆಚ್ಚಗೆ, 28-30 ಡಿಗ್ರಿ. ಅಲ್ಲಿ ಚೀಲ ತಳ ಮುಟ್ಟುವ ಮೊದಲೇ ಬಿಚ್ಚಿಕೊಳ್ಳುವುದು. ಒಂದಕ್ಕೆ 15-20 ರೂಪಾಯಿ ಬೀಳುವ ಚೀಲವನ್ನು ಹಾಗೆ ಕಳೆಯುವುದಕ್ಕೆ ಇಷ್ಟು ದೂರದಿಂದ ಹೊರಬೇಕಾ?

ಅದಲ್ಲದೆ ಚೀಲದ ಅಗತ್ಯ ಬಂದದ್ದು ಎಂತಕೆ ಅಂತ ಕಾಣಿ. ಇಲ್ಲಿಯವರು ಇರೆಯನ್ನು ಅಂಗಡಿಯಲ್ಲಿ, ಮಂಜುಗಟ್ಟಿದ್ದನ್ನು ಕೊಳ್ಳುತ್ತಾರೆ. ಕರಗಿದ ಮೇಲೆ ಅದು ಮೆತ್ತಗೆ, ಗಾಳದಲ್ಲಿ ನಿಲ್ಲುವುದಿಲ್ಲ. ನಮ್ಮಲ್ಲಿ ದೋಣಿ ಬಂದ ಹೊತ್ತಿಗೆ ದಡಕ್ಕೆ ಹೋದರೆ ಆಗಷ್ಟೇ ಹಿಡಿದ ಬೈಗೆ, ಬಂಗಡೆ ಸಿಕ್ಕುತ್ತದೆ, ಹೊಳೆಯ ಬದಿಯಲ್ಲಿ ಚಟ್ಲಿ ಇತ್ತ್. ಚರ್ಮ ಸಮೇತ ತುಂಡು ಮಾಡಿ ಗಾಳಕ್ಕೆ ಚುಚ್ಚಿದರೆ ಗಟ್ಟಿ ನಿಲ್ಲುತ್ತದೆ. ಇನ್ನೂ ಬೇಕಾದರೆ ಹೂ ಕಟ್ಟುವ ಬಾಳೆನಾರು, ಇಲ್ಲದಿದ್ದರೆ ಹತ್ತಿ ನೂಲಲ್ಲಿ ನಾಲ್ಕು ಸುತ್ತು. ಕೊಚ್ಚು ಹರಡಬೇಕಾ, ತೌಡು ಮತ್ತು ಹಿಂಡಿಗೆ ಮೀನಿನ ನೀರು ಹಾಕಿ ಬಿಗಿ ಉಂಡೆ ಕಟ್ಟಿ ಅಳಿವೆಯಲ್ಲಿ ಬಿಡಲಿ, ಅದು ತಾನಾಗಿ ಒಡೆಯುತ್ತದೆ. ಇದೆಲ್ಲ ತಿನ್ನಲು ಬರುವ ಜೀವಗಳು ಹೊಳೆ ತುಂಬ ಇದ್ದಾವೆ.

ಮಾಣಿಯಂದಿರ ಕಡಲ ಪ್ರೀತಿಯ ಮೇಲೆ ನಂಗೆ ಸಂಶಯ ಇಲ್ಲೆ. ಆದರೆ ಕಳೆದ ಸಲ ಬಂದಾಗ ಕಲ್ಲಿನ ದಂಡೆ ಮೇಲೆ ಕಂಡದ್ದು ಎಂತ? ಸಿಕ್ಕು ಸಿಕ್ಕಾದ ನೈಲಾನ್ ದಾರದ ಮುದ್ದೆ, ಗಾಳದ ಪ್ಯಾಕೆಟ್ಟು, ಇರೆ ತಂದ ಕರಿ ಪ್ಲಾಸ್ಟಿಕ್ಕು, ಕೂಲ್‌ಡ್ರಿಂಕ್ಸ್ ಬಾಟ್ಲಿ. ಅದರಲ್ಲೊಂದು ದಾರ ಕಾಗೆಯ ಕಾಲಿಗೆ ಸುತ್ತಿಕೊಂಡು ಅದು ಕುಂಟುತ್ತಿತ್ತು. ಕರಗುವ ಚೀಲ ಈ ಒಂದನ್ನೂ ಕರಗಿಸುವುದಿಲ್ಲ. ಇಲ್ಲಿ ನಮ್ಮನಿಯವ್ರ ಚೀಲದಲ್ಲಿ ಯಾವತ್ತೂ ಒಂದು ಹಳೇ ಹಾರ್ಲಿಕ್ಸ್ ಡಬ್ಬಿ ಇರುತ್ತದೆ, ತುಂಡು ದಾರ ಎಲ್ಲ ಅದಕ್ಕೆ, ಬೇರೆಯವರು ಬಿಟ್ಟು ಹೋದದ್ದೂ. ಮನೆಗೆ ತಂದು ಸಣ್ಣಗೆ ಕತ್ತರಿಸಿ ಆಮೇಲೆ ಕಸಕ್ಕೆ. ಅಮ್ಮಂದಿರಾಗಿ ನೀವು ಹೇಳಬೇಕಾದದ್ದು ಅದನ್ನು. ಗಾಳಕ್ಕೆ ಹೊರಟ ಮಾಣಿಯ ಕೈಗೆ ಮುಚ್ಚಳ ಇರುವ ಒಂದು ಡಬ್ಬಿ ಕೊಡಿ. ಇರೆಯನ್ನು ಬಾಳೆಲೆಯಲ್ಲಿ ಸುತ್ತಿ ಕೊಡಿ, ಪ್ಲಾಸ್ಟಿಕ್ಕಲ್ಲಿ ಬ್ಯಾಡ. ಸಂಜೆ ಬಂದಾಗ ಮೀನು ಎಷ್ಟ್ ಸಿಕ್ತ್ ಅಂತ ಕೇಳುವ ಮೊದಲು ಡಬ್ಬಿ ತೆಗೆದು ಕಾಣಿ.

ಇಷ್ಟು ಹೇಳಿದ ಮೇಲೂ ಯಾರಾದರೂ ಆನ್‌ಲೈನಲ್ಲಿ ತರಿಸಿಕೊಂಡರೆ ನಾನು ಬೈಯುವುದಿಲ್ಲ. ಒಣಗಿದ ಕೈ, ಉಪ್ಪು ಹಾಕಿ ಬಸಿದ ಮೀನು, ನಿಂತ ನೀರು, ಮತ್ತೆ ಒಂದು ಸಂಜೆಗೆ ಒಂದೆರಡು ಚೀಲ ಸಾಕು. ಚೀಲ ಬಂದ ಹೊರಗಿನ ಪ್ಯಾಕೆಟ್ ಕರಗುವುದಿಲ್ಲ, ಅದು ನಿಜವಾದ ಪ್ಲಾಸ್ಟಿಕ್ಕು. ಅದನ್ನೂ ಸೇರಿಸಿ ಕಡಲಿಗೆ ಎಸೆಯುವವರಿದ್ದಾರೆ ಅಂತ ಬರೆಯುತ್ತಿದ್ದೇನೆ.

ನನ್ನ ಬ್ಯಾಗಲ್ಲಿ ಮಾಣಿಯಂದಿರಿಗೆ ಜಾಗ ಇಟ್ಟಿದ್ದೇನೆ. ಕೈಗೆ ಚುಚ್ಚದ ಹಾಗೆ ಗಾಳ ತೆಗೆಯುವ ಒಂದೊಂದು ಇಕ್ಕಳ ಮೂವರಿಗೂ ತತ್ತೆ, ರಾತ್ರಿ ಹೋಗುವವನಿಗೆ ತಲೆಗೆ ಕಟ್ಟುವ ಲೈಟು. ಅತ್ತಿಗೆ ಕೇಳಿದ ಕಸೂತಿಯ ಕರಗುವ ಹಾಳೆ ಕುಂದಾಪುರದಲ್ಲೇ ಸಿಗುತ್ತದೆ, ಅದೂ ಇದೇ ಜಾತಿ ಅಂತ ಮೇಲೆ ಹೇಳಿದ್ದೇನೆ, ಬೇಕಾದಷ್ಟೇ ಕತ್ತರಿಸಿ ಬಳಸಿ. ಮುಲಾಮು ಹಸುರು ಟ್ಯೂಬಿನದ್ದೋ ಕೆಂಪಿನದ್ದೋ, ಅಮ್ಮನ ಹತ್ತಿರ ಕೇಳಿ ಈ ವಾರದೊಳಗೆ ಮೆಸೇಜ್ ಮಾಡಿ.